ನ್ಯೂಯಾರ್ಕ್–ಲಂಡನ್ ಬಿಸಿನೆಸ್ ಕ್ಲಾಸ್: ಕಂಪನಿ ಆಮೇಲೆ, ಮೊದಲು ನಿದ್ದೆಯ ಲೆಕ್ಕ

ಪ್ರಶ್ನೆ: ಸೆಪ್ಟೆಂಬರಿನಲ್ಲಿ ನಾನು ಮತ್ತು ನಮ್ಮ ಯಜಮಾನರು ನ್ಯೂಯಾರ್ಕಿನಿಂದ ಲಂಡನ್ನಿಗೆ ಹೋಗಬೇಕು. ಬೆಳಿಗ್ಗೆ ಇಳಿದರೆ ಅದೇ ಮಧ್ಯಾಹ್ನ 2 ಗಂಟೆಗೆ ನನಗೊಂದು ಮೀಟಿಂಗ್ ಇದೆ. ಆಮೇಲೆ ನಾಲ್ಕು ದಿನ ಸುತ್ತಾಟ, ರೈಲಿನಲ್ಲಿ ಪ್ಯಾರಿಸ್, ಅಲ್ಲಿಂದ ವಾಪಸು. ಯಜಮಾನರು 6 ಅಡಿ 2 ಇಂಚು ಎತ್ತರ, ಜೊತೆಗೆ ಸೊಂಟನೋವು. ಇಬ್ಬರೂ ಇದುವರೆಗೆ ಬಿಸಿನೆಸ್ ಕ್ಲಾಸ್ ಹತ್ತಿಲ್ಲ. ಬ್ರಿಟಿಷ್ ಏರ್‌ವೇಸ್, ವರ್ಜಿನ್ ಅಟ್ಲಾಂಟಿಕ್, ಡೆಲ್ಟಾ, ಅಮೆರಿಕನ್, ಯುನೈಟೆಡ್, ಜೆಟ್‌ಬ್ಲೂ ಎಲ್ಲ ನೋಡಿದೆ. ಹೋಗಿಬರಲು ತಲೆಗೆ 2,900 ಡಾಲರಿನಿಂದ 4,600 ಡಾಲರ್‌ವರೆಗೆ ತೋರಿಸುತ್ತಿದೆ. ಯಾವ ಕಂಪನಿ ಒಳ್ಳೆಯದು? ಯಾರ ಷಾಂಪೇನ್ ಚೆನ್ನಾಗಿರುತ್ತೆ ಅಂತಲೂ ಯಜಮಾನರು ಕೇಳ್ತಿದ್ದಾರೆ.

ಉತ್ತರ: ಷಾಂಪೇನ್ ವಿಷಯ ಕೊನೆಗೆ ಇಟ್ಟುಕೊಳ್ಳೋಣ. ಮೊದಲು ನಿಮ್ಮ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಬೇಕು. ಯಾವ ಕಂಪನಿ ಒಳ್ಳೆಯದು ಅಂತ ಕೇಳಿದರೆ ನನ್ನ ಹತ್ತಿರ ನೇರ ಉತ್ತರ ಇಲ್ಲ. ಈ ದಾರಿಯಲ್ಲಿ ಒಂದೇ ಕಂಪನಿಯ ಎರಡು ವಿಮಾನಗಳಿಗೆ ಅಜಗಜಾಂತರ ಇರುತ್ತದೆ. ಯಾವ ವಿಮಾನ, ಎಷ್ಟು ಗಂಟೆಗೆ ಹೊರಡುತ್ತದೆ, ಅದರಲ್ಲಿ ಯಾವ ಸೀಟು ಅಂತ ಕೇಳಿ. ಆಗ ಉತ್ತರ ತಾನಾಗಿ ಸಿಗುತ್ತದೆ.

ಯಾಕೆ ಅಂದರೆ, ಅಟ್ಲಾಂಟಿಕ್ ಅಷ್ಟೇನೂ ದೊಡ್ಡದಲ್ಲ. ನ್ಯೂಯಾರ್ಕಿನಿಂದ ಲಂಡನ್ನಿಗೆ ಸುಮಾರು 5,500 ಕಿಲೋಮೀಟರ್. ಟಿಕೆಟಿನಲ್ಲಿ ಏಳು ಗಂಟೆ ಅಂತ ಬರೆದಿರುತ್ತದೆ, ಗಾಳಿಯಲ್ಲಿ ಇರುವುದು ಆರೂವರೆ ಅಥವಾ ಅದಕ್ಕಿಂತ ಕಡಿಮೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಬೆನ್ನಿಗೆ ಬಿದ್ದು ತಳ್ಳುತ್ತದೆ. ಈಗ ಕೈಬೆರಳಲ್ಲಿ ಲೆಕ್ಕ ಹಾಕಿ. ಮೇಲೇರಿ ಸೀಟ್ ಬೆಲ್ಟ್ ದೀಪ ಆರುವಷ್ಟರಲ್ಲಿ ಅರ್ಧ ಗಂಟೆ. ಊಟ ಬಂದು, ತಟ್ಟೆ ಎತ್ತಿಕೊಂಡು ಹೋಗುವಷ್ಟರಲ್ಲಿ ಒಂದೂವರೆ ಗಂಟೆ. ಇಳಿಯಲು ಒಂದೂಕಾಲು ಗಂಟೆ ಇರುವಾಗಲೇ ದೀಪ ಹಾಕಿ ತಿಂಡಿ ಹಂಚಲು ಶುರು ಮಾಡುತ್ತಾರೆ. ಉಳಿದದ್ದು ಮೂರು ಗಂಟೆ. ಸಾವಿರಾರು ಡಾಲರ್ ಕೊಟ್ಟು ನೀವು ಕೊಳ್ಳುತ್ತಿರುವುದು ಆ ಮೂರು ಗಂಟೆಯ ನಿದ್ದೆ. ಮಿಕ್ಕಿದ್ದೆಲ್ಲ ಕೊಸರು.

ಒಂದು ತಮಾಷೆ ಹೇಳುತ್ತೇನೆ. 2020ರ ಫೆಬ್ರವರಿಯಲ್ಲಿ ಸಿಯಾರಾ ಬಿರುಗಾಳಿ ಬೀಸುತ್ತಿದ್ದಾಗ ಬ್ರಿಟಿಷ್ ಏರ್‌ವೇಸಿನ ಒಂದು 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ದಾಖಲೆ ಅಂತ ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಮಾತ್ರ ಮುಂದಿನ ಕ್ಯಾಬಿನ್ನಿನಲ್ಲಿದ್ದವರು ನೆನಪಾದರು. ಹಾಸಿಗೆಗೆ ದುಡ್ಡು ಕೊಟ್ಟು, ಕಣ್ಣು ಮುಚ್ಚುವಷ್ಟರಲ್ಲಿ ಹೀಥ್ರೂ ಬಂದಿತ್ತು!

ಹಾಗಾಗಿ ಮೊದಲ ಕೆಲಸ, ಆ ಮೂರು ಗಂಟೆಯನ್ನು ಐದು ಗಂಟೆ ಮಾಡುವುದು. ಇದಕ್ಕೆ ಹೆಚ್ಚಿಗೆ ಏನೂ ಖರ್ಚಿಲ್ಲ. ವಿಮಾನ ಹತ್ತುವ ಮೊದಲೇ ಲೌಂಜಿನಲ್ಲಿ, ಅಂದರೆ ನಿಲ್ದಾಣದಲ್ಲಿ ಬಿಸಿನೆಸ್ ಕ್ಲಾಸಿನವರು ಕಾಯುವ ಕೋಣೆಯಲ್ಲಿ, ಊಟ ಮುಗಿಸಿ. ಕೆನಡಿ ವಿಮಾನನಿಲ್ದಾಣದ 4ನೇ ಟರ್ಮಿನಲ್ಲಿನಲ್ಲಿ ವರ್ಜಿನ್ನಿನ ಕ್ಲಬ್‌ಹೌಸ್ ಇದೆ. ಅಲ್ಲೇ 2024ರ ಜೂನಿನಲ್ಲಿ ಡೆಲ್ಟಾ ಒನ್ ಲೌಂಜ್ ಶುರುವಾಯಿತು. ಯುನೈಟೆಡ್ ನ್ಯೂವಾರ್ಕಿನಿಂದ ಹಾರುತ್ತದೆ, ಅಲ್ಲಿ ಪೊಲಾರಿಸ್ (ಅವರ ಬಿಸಿನೆಸ್ ಕ್ಲಾಸಿನ ಹೆಸರು) ಲೌಂಜ್ ಇದೆ. ಮೂರರಲ್ಲೂ ಮೇಜಿಗೆ ಕೂತು ಬೇಕಾದ್ದು ಹೇಳಿ ಊಟ ಮಾಡಬಹುದು. ಹೊಟ್ಟೆ ತುಂಬಿಸಿಕೊಂಡು ಹತ್ತಿ. ಹತ್ತಿದ ತಕ್ಷಣ ಸಿಬ್ಬಂದಿಗೆ ಎರಡು ಮಾತು ಹೇಳಿ: ‘ಊಟ ಬೇಡ, ತಿಂಡಿಗೂ ಎಬ್ಬಿಸಬೇಡಿ.’ ಅವರಿಗೆ ಬೇಜಾರಾಗುವುದಿಲ್ಲ, ಒಂದು ತಟ್ಟೆ ಕೆಲಸ ಕಡಿಮೆಯಾಯಿತು ಅಷ್ಟೆ. ಹಾಸಿಗೆ ನೀವೇ ಹಾಸಿಕೊಳ್ಳಿ, ಕಣ್ಣಪಟ್ಟಿ ಕಟ್ಟಿಕೊಳ್ಳಿ. ಸೀಟ್ ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವ ಹಾಗೆ ಹಾಕಿಕೊಳ್ಳಿ. ಇಲ್ಲದಿದ್ದರೆ ವಿಮಾನ ಸ್ವಲ್ಪ ಕುಲುಕಿದರೂ ಬೆಲ್ಟ್ ಇದೆಯಾ ಅಂತ ನೋಡಲು ಬಂದು ಎಬ್ಬಿಸುತ್ತಾರೆ. ಹೊಸಬರು ಮಾಡುವ ತಪ್ಪು ಇದೇ. ಕೊಟ್ಟ ದುಡ್ಡು ವಸೂಲಾಗಬೇಕು ಅಂತ ಬಂದದ್ದನ್ನೆಲ್ಲ ತಿಂದು, ಒಂದು ಸಿನಿಮಾ ನೋಡಿ, ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಇಳಿಯುತ್ತಾರೆ.

ಹೊರಡುವ ಹೊತ್ತೂ ಅಷ್ಟೇ ಮುಖ್ಯ. ನ್ಯೂಯಾರ್ಕಿನಿಂದ ಲಂಡನ್ನಿಗೆ ಸಂಜೆ ಆರರಿಂದ ರಾತ್ರಿ ಹನ್ನೊಂದರ ಆಸುಪಾಸಿನವರೆಗೂ ಸಾಲಾಗಿ ವಿಮಾನಗಳಿವೆ. ಸಂಜೆ ಆರರದ್ದು ಬೇಡ. ಏಳು ಗಂಟೆಗೆ ಯಾರಿಗೆ ನಿದ್ದೆ ಬರುತ್ತದೆ ಹೇಳಿ? ಲಂಡನ್ನಿನಲ್ಲಿ ಬೆಳಗಿನ ಜಾವ ಆರಕ್ಕೆ ಇಳಿದು, ಹೋಟೆಲಿನವರು ರೂಮು ಕೊಡುವವರೆಗೆ ಸೂಟ್‌ಕೇಸ್ ಹಿಡಿದುಕೊಂಡು ಅಲೆಯಬೇಕು. ಒಂಬತ್ತು ಗಂಟೆಯ ಹೊತ್ತಿಗೆ ಹೊರಡುವುದನ್ನು ಹುಡುಕಿ. ಬೆಳಿಗ್ಗೆ ಒಂಬತ್ತರ ಮೇಲೆ ಇಳಿಯುತ್ತೀರಿ, ಮೀಟಿಂಗಿಗೆ ಐದು ಗಂಟೆ ಉಳಿಯುತ್ತದೆ. ಹನ್ನೊಂದರದ್ದು ನಿದ್ದೆಗೆ ಇನ್ನೂ ಒಳ್ಳೆಯದೇ. ಆದರೆ ಅದು ಎರಡು ಗಂಟೆ ತಡವಾದರೆ ನಿಮ್ಮ ಮೀಟಿಂಗ್ ಕತೆ ಮುಗಿಯಿತು. ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಜೂಜು ಆಡುವುದಿಲ್ಲ.

ಇನ್ನೊಂದು ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಹಗಲು ವಿಮಾನ. ಬೆಳಿಗ್ಗೆ ಎಂಟರ ಸುಮಾರಿಗೆ ನ್ಯೂಯಾರ್ಕ್ ಬಿಟ್ಟು ರಾತ್ರಿ ಎಂಟರ ಸುಮಾರಿಗೆ ಲಂಡನ್ ಸೇರುವ ವಿಮಾನಗಳು ಕೆಲವೇ ಇವೆ. ಹಿಂದಿನ ದಿನ ಅದರಲ್ಲಿ ಹೋದರೆ ಹೋಟೆಲಿನ ನಿಜವಾದ ಮಂಚದ ಮೇಲೆ ಮಲಗಿ, ಮರುದಿನ ಫ್ರೆಶ್ ಆಗಿ ಮೀಟಿಂಗಿಗೆ ಹೋಗಬಹುದು. ಆಗ ವಿಮಾನದಲ್ಲಿ ಹಾಸಿಗೆಯೇ ಬೇಡ, ಪ್ರೀಮಿಯಂ ಎಕಾನಮಿ (ಎಕಾನಮಿಗಿಂತ ಸ್ವಲ್ಪ ದೊಡ್ಡ ಸೀಟು, ಹಾಸಿಗೆ ಆಗುವುದಿಲ್ಲ) ಸಾಕು. ಒಂದು ರಜೆ ಹೋಗುತ್ತದೆ, ಒಂದು ರಾತ್ರಿಯ ಹೋಟೆಲ್ ಬಾಡಿಗೆ ಸೇರುತ್ತದೆ. ಆದರೂ ಒಟ್ಟು ಲೆಕ್ಕದಲ್ಲಿ ಉಳಿತಾಯವೇ ಜಾಸ್ತಿ. ಮೊದಲ ಬಿಸಿನೆಸ್ ಕ್ಲಾಸ್ ಪ್ರಯಾಣದ ಆಸೆ ಇಟ್ಟುಕೊಂಡವರಿಗೆ ಇದನ್ನು ಹೇಳುವುದು ಸ್ವಲ್ಪ ಅರಸಿಕತನ, ಗೊತ್ತು. ಯಜಮಾನರ ಸೊಂಟದ ವಿಷಯವೂ ಇದೆ. ಹಾಗಾಗಿ ರಾತ್ರಿ ವಿಮಾನವೇ ಅಂತ ಇಟ್ಟುಕೊಂಡು ಮುಂದೆ ಹೋಗೋಣ.

ಈಗ ವಿಮಾನ. ಬುಕ್ ಮಾಡುವ ಪುಟದಲ್ಲಿ ಬೆಲೆಯ ಪಕ್ಕ ‘ವಿವರ’ ಅಂತ ಒಂದು ಕೊಂಡಿ ಇರುತ್ತದೆ. ಒತ್ತಿದರೆ ವಿಮಾನದ ಮಾದರಿ ಕಾಣುತ್ತದೆ: ಎ350, ಎ330-900, 787-9, 777-300, 767 ಹೀಗೆ. ಅದನ್ನು ನೋಡದೆ ದುಡ್ಡು ಕಟ್ಟಬೇಡಿ. ಸೀಟು ನಕ್ಷೆ ತೆರೆದು ಅಡ್ಡಸಾಲಿನಲ್ಲಿ ಎಷ್ಟು ಸೀಟು ಅಂತ ಎಣಿಸಿ. 1-2-1 (ನಡುವಿನ ಗೆರೆ ಅಂದರೆ ನಡುದಾರಿ) ಇದ್ದರೆ ಪ್ರತಿ ಸೀಟಿನಿಂದಲೂ ನೇರ ನಡುದಾರಿಗೆ ಇಳಿಯಬಹುದು. 2-2-2 ಇದ್ದರೆ ಕಿಟಕಿ ಪಕ್ಕದವರು ಇನ್ನೊಬ್ಬರನ್ನು ದಾಟಬೇಕು.

ದಾಟುವುದು ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಒಮ್ಮೆ ಅಂಥ ಕ್ಯಾಬಿನ್ನಿನಲ್ಲಿ ನನಗೆ ಕಿಟಕಿ ಸೀಟು ಸಿಕ್ಕಿತ್ತು, ಯಾವ ಕಂಪನಿ ಅನ್ನುವುದು ಬೇಡ. ಪಕ್ಕದಲ್ಲಿ ಒಬ್ಬ ಆಜಾನುಬಾಹು ಹಾಸಿಗೆ ಪೂರ್ತಿ ಚಪ್ಪಟೆ ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದ. ನಡುರಾತ್ರಿ ನನಗೆ ಟಾಯ್ಲೆಟ್ಟಿಗೆ ಹೋಗಬೇಕಾಯಿತು. ಶೂ ಕೈಯಲ್ಲಿ ಹಿಡಿದು, ಅವನ ಮೊಣಕಾಲಿನ ಮೇಲೆ ಒಂದು ಕಾಲು ಎತ್ತಿ ಆ ಕಡೆ ಇಟ್ಟೆ. ಅಷ್ಟರಲ್ಲಿ ವಿಮಾನ ಕುಲುಕಿತು. ಎರಡೂ ಕೈ ಅವನ ಎದೆಯ ಮೇಲೆ! ಅವನು ಕಣ್ಣು ಬಿಟ್ಟು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ವಾಪಸು ಬರುವಾಗ ದಾಟುವ ಧೈರ್ಯ ಸಾಲದೆ ಅಡುಗೆ ಕಟ್ಟೆಯ ಹತ್ತಿರ ಅರ್ಧ ಗಂಟೆ ನಿಂತಿದ್ದೆ. ಅಂದಿನಿಂದ ನಕ್ಷೆ ಎಣಿಸದೆ ನಾನು ಟಿಕೆಟ್ ತೆಗೆದಿಲ್ಲ.

ನೀವು ಹೇಳಿದ ಕಂಪನಿಗಳನ್ನು ಈ ಕಣ್ಣಿನಿಂದ ನೋಡೋಣ. ಬಿಸಿನೆಸ್ ಕ್ಲಾಸಿನಲ್ಲಿ ಪೂರ್ತಿ ಚಪ್ಪಟೆಯಾಗುವ ಹಾಸಿಗೆಯನ್ನು 2000ದ ಹೊತ್ತಿಗೆ ಮೊದಲು ತಂದವರು ಬ್ರಿಟಿಷ್ ಏರ್‌ವೇಸ್. ಆಗ ಅದು ಕ್ರಾಂತಿಯೇ. ಒಬ್ಬರು ಮುಂದಕ್ಕೆ, ಪಕ್ಕದವರು ಹಿಂದಕ್ಕೆ ಮುಖ ಮಾಡಿ ಕೂರುವ ಏರ್ಪಾಡು ಅದು. ಆ ಏರ್ಪಾಡನ್ನೇ ಇಪ್ಪತ್ತು ವರ್ಷ ಎಳೆದರು, ಅದು ತಪ್ಪಾಯಿತು. ಹತ್ತುವಾಗ ಅಪರಿಚಿತರ ಮುಖವನ್ನೇ ನೋಡುತ್ತಾ ಕೂರಬೇಕು, ಕಿಟಕಿ ಪಕ್ಕದವರು ಇನ್ನೊಬ್ಬರ ಪಾದ ದಾಟಬೇಕು. 2019ರಲ್ಲಿ ಎ350 ಜೊತೆ ‘ಕ್ಲಬ್ ಸೂಟ್’ ಬಂತು: 1-2-1, ಬಾಗಿಲು, 79 ಇಂಚಿನ ಹಾಸಿಗೆ. ಈಗ ಅವರ ಬಹುಪಾಲು 777ಗಳಲ್ಲೂ ಇದೇ ಇದೆ. ಎ380ಯಲ್ಲಿ ಮತ್ತು ಕೆಲವು 787ಗಳಲ್ಲಿ ಹಳೆಯದು ಸಿಗಬಹುದು. ನಕ್ಷೆಯಲ್ಲಿ 2-4-2 ಅಥವಾ 2-3-2 ಕಂಡರೆ ಅದು ಹಳೆಯದು, ಪುಟ ಮುಚ್ಚಿ. ಇನ್ನೊಂದು ಕಿರಿಕಿರಿ: ಬಿಸಿನೆಸ್ ಟಿಕೆಟ್ ಕೊಂಡ ಮೇಲೂ ಸೀಟು ಮುಂಚಿತವಾಗಿ ಆರಿಸಲು ಇವರು ಪ್ರತ್ಯೇಕ ದುಡ್ಡು ಕೇಳುತ್ತಾರೆ. ಹೊರಡುವ 24 ಗಂಟೆ ಮುಂಚೆ ಚೆಕ್-ಇನ್ ತೆರೆದಾಗ ಪುಕ್ಕಟೆ. ಅಷ್ಟರಲ್ಲಿ ಒಳ್ಳೆಯವು ಹೋಗಿರುತ್ತವೆ. ಬೆಲೆ ಹೋಲಿಸುವಾಗ ಇದನ್ನೂ ಸೇರಿಸಿ.

ವರ್ಜಿನ್ನಿನಲ್ಲಿ ಮೂರು ತರಹ. 787ರಲ್ಲಿ ಸೀಟು ಕಿಟಕಿಗೆ ಬೆನ್ನು ಹಾಕಿ ನಡುದಾರಿಯ ಕಡೆ ಮುಖ ಮಾಡಿರುತ್ತದೆ. ಹಾಸಿಗೆ ಬೇಕಾದರೆ ಎದ್ದು ನಿಂತು ಸೀಟಿನ ಬೆನ್ನನ್ನು ಮಗುಚಬೇಕು. ಸೊಂಟನೋವಿನವರಿಗೆ ರಾತ್ರಿಯಲ್ಲಿ ಈ ಸರ್ಕಸ್ ಯಾಕೆ? ಎ350ಯಲ್ಲಿ ಸೀಟು ಕಿಟಕಿ ಕಡೆಗೆ ತಿರುಗಿದೆ. 2022ರಲ್ಲಿ ಬಂದ ಎ330ನಿಯೋದಲ್ಲಿ ಪೂರ್ತಿ ಮುಚ್ಚುವ ಬಾಗಿಲೂ ಇದೆ. ಕೊನೆಯ ಎರಡರಲ್ಲಿ ಯಾವುದಾದರೂ ಸರಿ.

ಡೆಲ್ಟಾ 2017ರಲ್ಲೇ ಎ350ಯಲ್ಲಿ ಬಾಗಿಲಿನ ಸೂಟ್ ಶುರು ಮಾಡಿತು, ಎ330-900ರಲ್ಲೂ ಅದೇ. ಆದರೆ ಅವರ 767ಗಳಲ್ಲಿ ಬಾಗಿಲಿಲ್ಲ, ಜಾಗವೂ ಇಕ್ಕಟ್ಟು. ಯುನೈಟೆಡ್‌ನ ಪೊಲಾರಿಸ್ ಸೀಟು 2016ರದ್ದು. ಬಾಗಿಲಿಲ್ಲ, ಆದರೂ ಅಚ್ಚುಕಟ್ಟು. ಹೊದಿಕೆ, ದಿಂಬುಗಳ ವಿಷಯದಲ್ಲಿ ಅಮೆರಿಕದ ಕಂಪನಿಗಳಲ್ಲಿ ನನ್ನ ಮೊದಲ ಓಟು ಇವರಿಗೇ. ಕೇಳಿದರೆ ಇನ್ನೊಂದು ತೆಳು ಹಾಸಿಗೆಯನ್ನೂ ಕೊಡುತ್ತಾರೆ. ಅಮೆರಿಕನ್ 2025ರಲ್ಲಿ ಹೊಸ 787-9ರಲ್ಲಿ ಬಾಗಿಲಿನ ಸೂಟ್ ತಂದಿದೆ. ಹಳೆಯ ಸೀಟುಗಳೂ 1-2-1 ಇರುವುದರಿಂದ ಅದೊಂದು ತಾಪತ್ರಯ ಇಲ್ಲ.

ಜೆಟ್‌ಬ್ಲೂ ವಿಷಯ ಬೇರೆ. 2021ರ ಆಗಸ್ಟಿನಿಂದ ಎ321 ಎಂಬ ಸಣ್ಣ ವಿಮಾನದಲ್ಲಿ ಲಂಡನ್ನಿಗೆ ಹಾರುತ್ತಿದೆ. ಮುಂದೆ ಬರೀ 24 ಮಿಂಟ್ (ಅವರ ಬಿಸಿನೆಸ್ ಕ್ಲಾಸಿನ ಹೆಸರು) ಸೀಟು, ಎಲ್ಲಕ್ಕೂ ಬಾಗಿಲು. ನೀವು ಕಳಿಸಿದ ಪಟ್ಟಿಯಲ್ಲಿ ಅತಿ ಕಡಿಮೆ ಬೆಲೆ ಇದರದ್ದೇ ಇರಬೇಕು ಅಂತ ನನ್ನ ಊಹೆ. ಒಬ್ಬರೇ ಹೋಗುವುದಾದರೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತಿದ್ದೆ. ಆದರೆ ಅಲ್ಲಿ ಏರ್ಪಾಡು 1-1. ಗಂಡ ಹೆಂಡತಿ ಅಂದರೆ ನಡುದಾರಿಯ ಆಚೆ ಒಬ್ಬರು, ಈಚೆ ಒಬ್ಬರು. ಯುನೈಟೆಡ್‌ನ 767ರಲ್ಲೂ ಹೀಗೇ, ಅದರಲ್ಲಿ 1-1-1. ಜೋಡಿಯಾಗಿ ಹೋಗುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. 1-2-1 ಇರುವ ಕಡೆ ನಡುವಿನ ಎರಡು ಸೀಟು ಹಿಡಿದರೆ ಮಧ್ಯದ ಪರದೆ ಇಳಿಸಿ ಮಾತಾಡಬಹುದು, ನಿದ್ದೆ ಬಂದಾಗ ಏರಿಸಬಹುದು. ಕೆಲವು ವಿಮಾನಗಳಲ್ಲಿ ನಡುವಿನ ಜೋಡಿ ಒಂದು ಸಾಲಿನಲ್ಲಿ ಹತ್ತಿರ ಹತ್ತಿರ, ಮುಂದಿನ ಸಾಲಿನಲ್ಲಿ ಒಂದು ಗೇಣು ದೂರ ಇರುತ್ತದೆ. ಜಗಳವಾಗಿದ್ದರೆ ದೂರದ್ದು ತಗೊಳ್ಳಿ.

ಪ್ಯಾರಿಸ್ಸಿಗೇ ನೇರ ಹೋಗುವುದಾದರೆ ಲಾ ಕಂಪನಿ ಅಂತ ಒಂದಿದೆ. ಇಡೀ ವಿಮಾನವೇ ಬಿಸಿನೆಸ್ ಕ್ಲಾಸ್, 76 ಸೀಟು, ನ್ಯೂವಾರ್ಕಿನಿಂದ ಓರ್ಲಿ. ಏರ್ಪಾಡು 2-2. ನಾನು ಮೇಲೆ ಬೈದದ್ದು ಇದನ್ನೇ ಅಲ್ವಾ ಅಂತ ಕೇಳಬಹುದು. ಹೌದು, ಆದರೆ ದಾಟಬೇಕಾದದ್ದು ಸ್ವಂತ ಗಂಡನನ್ನಾದರೆ ಏನು ತೊಂದರೆ? ಇನ್ನೊಂದು ಎಚ್ಚರಿಕೆ: ಹೆಸರು ನೋಡಿ ಮೋಸ ಹೋಗಬೇಡಿ. ಐಸ್‌ಲ್ಯಾಂಡ್‌ಏರ್‌ನ ಸಾಗಾ ಪ್ರೀಮಿಯಂ ಮುಂದಿನ ಕ್ಯಾಬಿನ್ನೇ ಆದರೂ ಸೀಟು ಹಿಂದಕ್ಕೆ ವಾಲುತ್ತದೆ ಅಷ್ಟೆ, ಹಾಸಿಗೆ ಆಗುವುದಿಲ್ಲ.

ಯಜಮಾನರ ಎತ್ತರಕ್ಕೆ ಬರೋಣ. ಎಲ್ಲ ಕಂಪನಿಗಳೂ ಆರೂವರೆ ಅಡಿ ಉದ್ದದ ಹಾಸಿಗೆ ಅಂತ ಬರೆದುಕೊಳ್ಳುತ್ತವೆ. ಸುಳ್ಳಲ್ಲ. ಆದರೆ ಕಾಲಿನ ತುದಿ ಹೋಗುವುದು ಮುಂದಿನ ಸೀಟಿನ ಕೆಳಗಿರುವ ಒಂದು ಗೂಡಿನೊಳಕ್ಕೆ. ಆ ಗೂಡಿನ ಅಗಲವನ್ನು ಯಾರೂ ಬರೆಯುವುದಿಲ್ಲ. ಬೆನ್ನ ಮೇಲೆ ಮಲಗಿದರೆ ಬೆರಳು ಮೇಲೆ ತಾಗುತ್ತದೆ. ಮಗ್ಗುಲಾದರೆ ಮಂಡಿ ಮಡಚಲು ಜಾಗ ಇಲ್ಲ. ಸೊಂಟನೋವಿನವರು ಮಗ್ಗುಲಾಗಿ ಮಂಡಿ ಮಡಚಿಯೇ ಮಲಗುವುದು, ಅಲ್ವಾ? ಇದಕ್ಕೆ ಒಂದು ಉಪಾಯ ಇದೆ. ಪ್ರತಿ ಕ್ಯಾಬಿನ್ನಿನ ಮೊದಲ ಸಾಲಿನ ಮುಂದೆ ಸೀಟಿಲ್ಲ, ಬರೀ ಗೋಡೆ. ಅದರಿಂದ ಎಷ್ಟೋ ವಿಮಾನಗಳಲ್ಲಿ ಅಲ್ಲಿನ ಗೂಡು ಅಗಲವಾಗಿ, ಒಂದು ಸಣ್ಣ ಬೆಂಚಿನಷ್ಟು ಇರುತ್ತದೆ. ಅಲ್ಲಿ ಕಾಲು ಆರಾಮವಾಗಿ ಹೊರಳುತ್ತದೆ. ತೊಂದರೆ ಏನೆಂದರೆ ಕೂಸುಗಳ ತೊಟ್ಟಿಲು ಸಿಕ್ಕಿಸುವುದೂ ಅದೇ ಗೋಡೆಗೆ. ಮಗು ಬಂದರೆ ನಿಮ್ಮ ಅದೃಷ್ಟ. ಹಿಂದೆ ಮುಂದೆ ಅಡುಗೆ ಕಟ್ಟೆ ಇದ್ದರೆ ರಾತ್ರಿಯಿಡೀ ಡ್ರಾಯರ್ ಧಡಕ್ ಅನ್ನುತ್ತಿರುತ್ತದೆ. ಏರೋಲೋಪಾ ಎಂಬ ಜಾಲತಾಣದಲ್ಲಿ ಗೂಡು, ಗೋಡೆ, ಟಾಯ್ಲೆಟ್, ಕಿಟಕಿ ಎಲ್ಲ ಎಲ್ಲೆಲ್ಲಿವೆ ಅಂತ ಅಳತೆಗೆ ಸರಿಯಾಗಿ ಚಿತ್ರ ಬರೆದಿದ್ದಾರೆ. ಕಂಪನಿಗಳ ನಕ್ಷೆಗಿಂತ ನಾನು ಅದನ್ನೇ ನಂಬುತ್ತೇನೆ.

ಬಾಗಿಲಿನ ಬಗ್ಗೆ ನನಗೆ ಅಷ್ಟು ಮೋಹ ಇಲ್ಲ. ಬಹುತೇಕ ಬಾಗಿಲು ಎದೆಮಟ್ಟಕ್ಕೆ ಬರುತ್ತದೆ, ನಿಂತವರಿಗೆ ಒಳಗಿನದೆಲ್ಲ ಕಾಣುತ್ತದೆ. ಫೋಟೋದಲ್ಲಿ ಚೆಂದ. ಬಾಗಿಲಿರುವ ಕಿರಿದಾದ ಗೂಡು, ಬಾಗಿಲಿಲ್ಲದ ಅಗಲ ಗೂಡು ಎರಡೂ ಎದುರಿಗಿದ್ದರೆ ನಾನು ಎರಡನೆಯದಕ್ಕೇ ಹೋಗುತ್ತೇನೆ. ಅದಕ್ಕಿಂತ ಗಾಳಿಯ ಲೆಕ್ಕ ಮುಖ್ಯ. 787 ಮತ್ತು ಎ350ಯ ಒಳಗೆ ಗಾಳಿಯ ಒತ್ತಡವನ್ನು 6,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಡುತ್ತಾರೆ. ಹಳೆಯ ವಿಮಾನಗಳಲ್ಲಿ ಅದು 8,000 ಅಡಿಯವರೆಗೂ ಹೋಗುತ್ತದೆ. ಹೊಸವುಗಳಲ್ಲಿ ತೇವವೂ ಸ್ವಲ್ಪ ಜಾಸ್ತಿ, ಸದ್ದು ಕಡಿಮೆ. ಇಳಿದಾಗ ತಲೆ ಭಾರ, ಗಂಟಲು ಒಣಗುವುದು ಕಡಿಮೆಯಾಗುತ್ತದೆ. ಮಧ್ಯಾಹ್ನ ಮೀಟಿಂಗಿನಲ್ಲಿ ಮಾತಾಡಬೇಕಾದವರಿಗೆ ಇದು ಸಣ್ಣ ವಿಷಯ ಅಲ್ಲ.

ಇನ್ನು ವಾಪಸು ಬರುವುದು. ಇಲ್ಲಿ ನನ್ನ ಸಲಹೆ ಪೂರ್ತಿ ಉಲ್ಟಾ. ಯುರೋಪಿನಿಂದ ಅಮೆರಿಕಕ್ಕೆ ಬರುವ ವಿಮಾನಗಳು ಹೆಚ್ಚುಕಡಿಮೆ ಎಲ್ಲವೂ ಹಗಲಿನವು. ಪ್ಯಾರಿಸ್ಸಿನಿಂದ ಮಧ್ಯಾಹ್ನ ಹೊರಟರೆ ಎದುರುಗಾಳಿಯಲ್ಲಿ ಎಂಟು ಗಂಟೆ ಹಾರಿ, ಅದೇ ಮಧ್ಯಾಹ್ನವೇ ನ್ಯೂಯಾರ್ಕಿನಲ್ಲಿ ಇಳಿಯುತ್ತೀರಿ. ಆ ಹೊತ್ತಿನಲ್ಲಿ ಮಲಗಿದರೆ ಮನೆಗೆ ಬಂದ ಮೇಲೆ ರಾತ್ರಿಯಿಡೀ ಛಾವಣಿ ನೋಡಬೇಕು. ಮಲಗದ ಹಾಸಿಗೆಗೆ ಸುಮ್ನೆ ದುಡ್ಡು ಯಾಕೆ? ಹೋಗುವಾಗ ಬಿಸಿನೆಸ್, ಬರುವಾಗ ಪ್ರೀಮಿಯಂ ಎಕಾನಮಿ ಅಂತ ಒಂದೇ ಟಿಕೆಟಿನಲ್ಲಿ ಎರಡು ಕ್ಲಾಸು ಬೆರೆಸಬಹುದು. ಹುಡುಕುವಾಗ ‘ಬೇರೆ ಬೇರೆ ನಗರ’ ಎನ್ನುವ ಆಯ್ಕೆ ಒತ್ತಿ, ಎರಡು ಹಾರಾಟಗಳಿಗೂ ಕ್ಲಾಸು ಬೇರೆ ಬೇರೆ ಕೊಡಿ. ಎರಡು ಒನ್-ವೇ ಟಿಕೆಟ್ ಬೇರೆ ಬೇರೆ ತೆಗೆಯಬೇಡಿ. ದೊಡ್ಡ ಕಂಪನಿಗಳಲ್ಲಿ ಒನ್-ವೇ ಎಷ್ಟೋ ಸಲ ರಿಟರ್ನ್ ಟಿಕೆಟಿಗಿಂತ ದುಬಾರಿ. ಯಜಮಾನರ ಸೊಂಟ ಎಂಟು ಗಂಟೆ ಕೂರಲು ಒಪ್ಪುವುದಿಲ್ಲ ಅಂದರೆ ಮಾತು ಬೇರೆ. ಆಗ ಎರಡೂ ಕಡೆ ಬಿಸಿನೆಸ್ಸೇ ಇರಲಿ.

ಪ್ಯಾರಿಸ್ಸಿನಿಂದ ವಾಪಸು ಬರುವ ನಿಮ್ಮ ಯೋಜನೆ ತೆರಿಗೆ ಲೆಕ್ಕದಲ್ಲೂ ಜಾಣತನದ್ದು. ಲಂಡನ್ನಿನಿಂದ ಅಮೆರಿಕಕ್ಕೆ ಬಿಸಿನೆಸ್ ಕ್ಲಾಸಿನಲ್ಲಿ ಹೊರಟರೆ ಬ್ರಿಟನ್ ಸರ್ಕಾರ ತಲೆಗೆ 200 ಪೌಂಡಿಗಿಂತ ಜಾಸ್ತಿ ಪ್ರಯಾಣ ಸುಂಕ ಹಾಕುತ್ತದೆ. ಎಕಾನಮಿಗೆ ಅದರ ಅರ್ಧವೂ ಇಲ್ಲ. ಫ್ರಾನ್ಸ್ ಕೂಡ 2025ರ ಮಾರ್ಚಿನಲ್ಲಿ ತನ್ನ ತೆರಿಗೆ ಏರಿಸಿ, ದೂರದ ಬಿಸಿನೆಸ್ ಪ್ರಯಾಣಕ್ಕೆ 120 ಯೂರೋ ಮಾಡಿತು. ಆದರೂ ಲಂಡನ್ನಿಗಿಂತ ವಾಸಿ. ಬ್ರಿಟನ್ನಿಗೆ ಹೋಗಿ ಇಳಿಯುವುದಕ್ಕೆ ಈ ಸುಂಕ ಇಲ್ಲ, ಅಲ್ಲಿಂದ ಹೊರಡುವುದಕ್ಕೆ ಮಾತ್ರ.

ಬೆಲೆ ನೋಡುವಾಗ ಇನ್ನೊಂದು ಗೊತ್ತಿರಲಿ. ಈ ಸಾಗರದ ಮೇಲೆ ನಿಜವಾದ ಪೈಪೋಟಿ ಇರುವುದು ಮೂರು ಗುಂಪುಗಳ ನಡುವೆ. ಅಮೆರಿಕನ್, ಬ್ರಿಟಿಷ್ ಏರ್‌ವೇಸ್, ಐಬೀರಿಯಾ, ಏರ್ ಲಿಂಗಸ್, ಫಿನ್‌ಏರ್ ಒಂದು ಕಡೆ. ಡೆಲ್ಟಾ, ವರ್ಜಿನ್, ಏರ್ ಫ್ರಾನ್ಸ್, ಕೆಎಲ್ಎಂ ಇನ್ನೊಂದು. ಯುನೈಟೆಡ್, ಏರ್ ಕೆನಡಾ, ಲುಫ್ತಾನ್ಸಾ ಮತ್ತು ಅದರ ಬಳಗ ಮೂರನೆಯದು. ಗುಂಪಿನೊಳಗೆ ಬೆಲೆ, ವೇಳಾಪಟ್ಟಿ ಎಲ್ಲ ಕೂತು ಮಾತಾಡಿಕೊಂಡೇ ಮಾಡುತ್ತಾರೆ, ಅದಕ್ಕೆ ಸರ್ಕಾರದ ಅನುಮತಿಯೂ ಇದೆ. ಹಾಗಾಗಿ ಒಂದೇ ವಿಮಾನಕ್ಕೆ ನಾಲ್ಕು ಕಂಪನಿಗಳ ನಂಬರು ಇರುತ್ತದೆ. ಡೆಲ್ಟಾ ಅಂತ ಬರೆದ ಟಿಕೆಟ್ ಹಿಡಿದು ವರ್ಜಿನ್ ವಿಮಾನ ಹತ್ತಬಹುದು. ‘ಹಾರಿಸುವವರು ಯಾರು’ ಅನ್ನುವ ಸಣ್ಣಕ್ಷರದ ಸಾಲು ಓದಿ. ಇದರಿಂದ ನಿಮಗೊಂದು ಲಾಭವೂ ಇದೆ. ಹೋಗುವಾಗ ವರ್ಜಿನ್ನಿನಲ್ಲಿ ಲಂಡನ್, ಬರುವಾಗ ಏರ್ ಫ್ರಾನ್ಸಿನಲ್ಲಿ ಪ್ಯಾರಿಸ್ಸಿನಿಂದ, ಎರಡೂ ಒಂದೇ ಟಿಕೆಟಿನಲ್ಲಿ ಸಿಗುತ್ತದೆ.

ತಾರೀಖು ಜರುಗಿಸಲು ಆಗುವುದಾದರೆ ಆಗಸ್ಟ್ ಕೊನೆಯ ವಾರವನ್ನೂ ನೋಡಿ. ಬಿಸಿನೆಸ್ ಕ್ಲಾಸಿನ ಸೀಸನ್ ಎಕಾನಮಿಯ ಹಾಗಲ್ಲ. ಕಂಪನಿ ದುಡ್ಡಿನಲ್ಲಿ ಓಡಾಡುವವರು ರಜೆ ಹಾಕಿ ಮನೆಯಲ್ಲಿರುವಾಗ, ಅಂದರೆ ಆಗಸ್ಟಿನಲ್ಲಿ ಮತ್ತು ಕ್ರಿಸ್‌ಮಸ್ ಸುತ್ತಮುತ್ತ, ಮುಂದಿನ ಕ್ಯಾಬಿನ್ ಖಾಲಿ ಹೊಡೆಯುತ್ತದೆ, ಬೆಲೆ ಇಳಿಯುತ್ತದೆ. ಸೆಪ್ಟೆಂಬರಿನಲ್ಲಿ ಅವರೆಲ್ಲ ಮತ್ತೆ ಸೂಟು ಹಾಕಿಕೊಂಡು ಹೊರಡುತ್ತಾರೆ.

ಕೈಕೊಟ್ಟಾಗ ಏನು ಸಿಗುತ್ತದೆ ಅನ್ನುವುದರಲ್ಲೂ ವ್ಯತ್ಯಾಸ ಇದೆ. ಲಂಡನ್ನಿಗೆ ಹೋಗುವಾಗ ವಿಮಾನ ಹಾರಿಸುವವರು ಬ್ರಿಟಿಷ್ ಏರ್‌ವೇಸ್ ಅಥವಾ ವರ್ಜಿನ್ ಆದರೆ ಬ್ರಿಟನ್ನಿನ ಕಾನೂನು ನಿಮ್ಮ ಬೆನ್ನಿಗಿರುತ್ತದೆ. ಅವರದೇ ತಪ್ಪಿನಿಂದ ನಾಲ್ಕು ಗಂಟೆಗಿಂತ ತಡವಾಗಿ ತಲುಪಿದರೆ ತಲೆಗೆ 520 ಪೌಂಡ್. ಅದೇ ದಾರಿಯಲ್ಲಿ ಅಮೆರಿಕದ ಕಂಪನಿ ಹಾರಿಸಿದರೆ ಆ ಹಕ್ಕು ಇಲ್ಲ. ಪ್ಯಾರಿಸ್ಸಿನಿಂದ ಹೊರಡುವಾಗ ಕಂಪನಿ ಯಾವುದೇ ಇರಲಿ, ಯುರೋಪಿನ 261ನೇ ನಿಯಮ ಅನ್ವಯಿಸುತ್ತದೆ, ಅದರಲ್ಲಿ 600 ಯೂರೋ. ಯಾರೂ ಓದದ ಒಂದು ಕಲಮು ಕೂಡ ಅದರಲ್ಲಿದೆ. ಬಿಸಿನೆಸ್ ಟಿಕೆಟ್ ಕೊಂಡವರನ್ನು ಕಂಪನಿಯವರೇ ಕೆಳಗಿನ ಕ್ಲಾಸಿನಲ್ಲಿ ಕೂರಿಸಿದರೆ, ಇಷ್ಟು ದೂರದ ಹಾರಾಟಕ್ಕೆ ಆ ಹಾರಾಟದ ಟಿಕೆಟ್ ಬೆಲೆಯ ಶೇಕಡಾ 75 ಭಾಗ ವಾಪಸು ಕೊಡಬೇಕು. ಕೌಂಟರಿನಲ್ಲಿ ವೋಚರ್ ಚಾಚಿದರೆ ತಕ್ಷಣ ಕೈ ಒಡ್ಡಬೇಡಿ.

ಇಷ್ಟೆಲ್ಲ ಆದ ಮೇಲೆ ನಿಮಗೆ ನನ್ನ ಆಯ್ಕೆ: ರಾತ್ರಿ ಒಂಬತ್ತರ ಸುಮಾರಿನ ವರ್ಜಿನ್, ಎ350 ಅಥವಾ ಎ330ನಿಯೋ. ವಾಪಸು ಏರ್ ಫ್ರಾನ್ಸ್, ಸೊಂಟ ಒಪ್ಪಿದರೆ ಪ್ರೀಮಿಯಂ ಎಕಾನಮಿ. ಬೆಲೆ ಹೊಂದದಿದ್ದರೆ ಬ್ರಿಟಿಷ್ ಏರ್‌ವೇಸಿನ ಕ್ಲಬ್ ಸೂಟ್, ಸೀಟಿನ ದುಡ್ಡು ಸೇರಿಸಿ ಲೆಕ್ಕ ಹಾಕಿ. ಯಜಮಾನರಿಗೆ ಮೊದಲು ಸೀಟು ಆರಿಸಿ, ನಿಮಗೆ ಆಮೇಲೆ. ಟಿಕೆಟನ್ನು ಕಂಪನಿಯ ಹತ್ತಿರವೇ ನೇರ ತೆಗೆಯಿರಿ. ಹೊರಡಲು ಏಳು ದಿನಕ್ಕಿಂತ ಹೆಚ್ಚಿದ್ದರೆ, ಬುಕ್ ಮಾಡಿದ 24 ಗಂಟೆಯೊಳಗೆ ಪೂರ್ತಿ ದುಡ್ಡು ವಾಪಸು ಪಡೆಯುವ ಅವಕಾಶ ಅಮೆರಿಕದ ನಿಯಮದಲ್ಲಿದೆ. ಆ ಒಂದು ದಿನದಲ್ಲಿ ನಕ್ಷೆ ಇನ್ನೊಮ್ಮೆ ಬಿಡಿಸಿ ನೋಡಿ. ಆಮೇಲೂ ಹದಿನೈದು ದಿನಕ್ಕೊಮ್ಮೆ ಇಣುಕಿ. ನಿಮ್ಮ ಸೀಟಿನ ನಂಬರು ಸುಮ್ಮನೆ ಬದಲಾಗಿದ್ದರೆ ವಿಮಾನವೇ ಬದಲಾಗಿದೆ ಅಂತ ಅರ್ಥ. ಆಗಲೇ ಫೋನ್ ಮಾಡಿ ಬೇರೆ ಹೊತ್ತಿನ ವಿಮಾನ ಕೇಳಿ, ಕೇಳಿದರೆ ಎಷ್ಟೋ ಸಲ ಕೊಡುತ್ತಾರೆ.

ಷಾಂಪೇನ್ ಮರೆತಿಲ್ಲ. ಮೇಲೆ ಗಾಳಿ ಒಣಗಿರುತ್ತದೆ, ಎಂಜಿನ್ ಸದ್ದು ಬೇರೆ. ಉಪ್ಪು ಸಿಹಿ ಎರಡೂ ನಾಲಿಗೆಗೆ ಮಂದವಾಗುತ್ತವೆ, ಬಾಟಲಿ ಎಷ್ಟೇ ಬೆಲೆಯದಾದರೂ ಅದರ ಅರ್ಧ ಗುಣ ಅಲ್ಲೇ ಹೋಯಿತು. ಹೋಗುವ ರಾತ್ರಿ ಮುಟ್ಟಲೇ ಬೇಡಿ, ನಿದ್ದೆ ಕೆಡುತ್ತದೆ. ಲೌಂಜಿನಲ್ಲಿ ಒಂದು ಗ್ಲಾಸ್ ಸಾಕು. ಬರುವಾಗ ಹಗಲು, ಕಿಟಕಿ, ಕೆಲಸ ಇಲ್ಲ, ಆಗ ಕುಡಿಯಲಿ. ಅದಕ್ಕೆ ಬಿಸಿನೆಸ್ ಟಿಕೆಟ್ಟೇ ಬೇಕು ಅಂತಲೂ ಇಲ್ಲ ಅಂತ ಹೇಳಿ. ದೂರದ ಹಾರಾಟಗಳಲ್ಲಿ ಏರ್ ಫ್ರಾನ್ಸ್ ಎಕಾನಮಿಯವರಿಗೂ ಷಾಂಪೇನ್ ಕೊಡುತ್ತದೆ.